ಗೇಣುದ್ದದ ಹಳೆಯ ಎಳೆ

ಮೂವತ್ತೊಂದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ತ್ರಿಪುರಸುಂದರಿ ಇನ್ನು ಬಸವನಗುಡಿಯ ಮನೆಯಲ್ಲಿ ತೆಪ್ಪಗಿರುತ್ತಾರೆ ಎಂದು ತಮ್ಮ ನಂಜಪ್ಪ ಎಣಿಸಿದ್ದ. ಅವನದು ಚಿಕ್ಕಪೇಟೆಯಲ್ಲಿ ಅಪ್ಪನ ಕಾಲದ ಸೀರೆ ಅಂಗಡಿ. ಕನಕಪುರದಾಚೆಯ ಹಳ್ಳಿಯ ಇಪ್ಪತ್ತೆರಡು ಹೆಂಗಸರು ಅವನು ಕೊಟ್ಟ ರೇಷ್ಮೆಯನ್ನು ಅವನು ಹೇಳಿದ ಕೂಲಿಗೆ ನೇಯುತ್ತಿದ್ದರು. ಅವರ ಜೊತೆ ಕಚೇರಿ ಕಚೇರಿ ಅಲೆದು, ಅವರದೇ ಸಹಕಾರ ಸಂಘ ನೋಂದಣಿಯಾಗುವವರೆಗೆ ಬಿಡದೆ ನಿಂತವರು ಈ ಅಕ್ಕ.

ಅಕ್ಕನೂ ಸಂಘದವರೂ ಅಂಗಡಿಗೇ ಬಂದು ಹೇಳಿದ ಸುದ್ದಿ ಕೇಳಿ ನಂಜಪ್ಪ ಗದ್ದಿಗೆಯಿಂದ ಏಳಲೂ ಇಲ್ಲ.

"ಸಂಘ ಮಾಡ್ಕೊಳ್ಳಿ, ಯಾರು ಬೇಡ ಅಂದ್ರು? ಮಗ್ಗದ ಮೇಲಿರೋ ರೇಷ್ಮೆ ನಂದು. ಒಂದು ಗೇಣೂ ಬಿಡದೆ ಕತ್ತರಿಸಿ ತಂದ್ಕೊಡಿ."

ಸೀರೆ ಮುಗಿದಾಗ ಮಗ್ಗದಲ್ಲಿ ಗೇಣುದ್ದ ಹಳೆಯ ಎಳೆ ಉಳಿಸುವುದು ವಾಡಿಕೆ. ಅದರ ತುದಿಗೆ ಹೊಸ ಎಳೆಗಳನ್ನು ಹೊಸೆದು ಮುಂದಕ್ಕೆಳೆದರೆ ಸಾಕು. ಅದಿಲ್ಲದಿದ್ದರೆ ನಾಲ್ಕು ಸಾವಿರ ಎಳೆಗಳನ್ನೂ ಮೊದಲಿಂದ ಚೌಕಟ್ಟಿನ ದಾರದ ಕಣ್ಣುಗಳಲ್ಲಿ, ಆಮೇಲೆ ಬಾಚಣಿಗೆಯಂಥ ಹಣಿಗೆಯ ಸಂದುಗಳಲ್ಲಿ ಪೋಣಿಸಬೇಕು. ಈಗ ಆ ಕೆಲಸ ಮಾಡುವವರೆಲ್ಲ ನಂಜಪ್ಪನ ಕಡೆಯವರು.

"ಕತ್ತರಿಸ್ತೀವಿ ಸಾವ್ಕಾರ್ರೆ. ನಿಮ್ಮದು ಒಂದೆಳೇನೂ ನಮಗೆ ಬೇಡ" ಎಂದಳು ಸಂಘದ ಅಧ್ಯಕ್ಷೆ ಗಂಗರತ್ನಮ್ಮ. ಬೀದಿಗಿಳಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಕ್ಕಾ, ಅಂದ್ಬಿಟ್ಟೆ. ಪೋಣ್ಸೋರು ಯಾರು?"

"ಅಂದೋಳು ನೀನೇ ತಾನೆ. ಪೋಣಿಸು" ಎಂದರು ತ್ರಿಪುರಸುಂದರಿ.

ಹಿಂದೆ ಆ ಕೆಲಸ ಮಾಡುತ್ತಿದ್ದ ಸೊಣ್ಣಪ್ಪ ಈಗ ತ್ಯಾಗರಾಜನಗರದಲ್ಲಿ ಮಗಳ ಮನೆಯಲ್ಲಿದ್ದರು. ಮಂಡಿನೋವಿಗೆ ಹಳ್ಳಿಯವರೆಗೆ ಬರಲಾರರು. ಹಾಗಾಗಿ ಮೊದಲ ಮಗ್ಗದ ಚೌಕಟ್ಟು, ಹಣಿಗೆ, ಸಂಘದ ಹೊಸ ರೇಷ್ಮೆ ಎಲ್ಲವೂ ಬಸ್ಸೇರಿ ಬಸವನಗುಡಿಯ ಹಜಾರಕ್ಕೆ ಬಂದವು. ಸೊಣ್ಣಪ್ಪ ಬಂದು ಹೇಳಿಕೊಟ್ಟಂತೆ ತ್ರಿಪುರಸುಂದರಿ ಎಳೆ ಎತ್ತಿ ಕೊಟ್ಟರು, ಗಂಗರತ್ನಮ್ಮ ಪೋಣಿಸಿದಳು. ಎರಡನೆಯ ದಿನ ಸೊಣ್ಣಪ್ಪ ಚೌಕಟ್ಟಿನ ಕಣ್ಣುಗಳ ಮೇಲೆ ಬೆರಳಾಡಿಸಿ ನಿಂತರು.

"ಇನ್ನೂರರ ಹತ್ರ ಒಂದು ಕಣ್ಣು ಹಾರಿಸಿದೀರ. ಅಲ್ಲಿಂದೀಚೆಗೆ ಎಲ್ಲ ಬಿಚ್ಚಿ."

"ಎಷ್ಟು?" ಎಂದಳು ಗಂಗರತ್ನಮ್ಮ.

"ಒಂಬೈನೂರು. ಲೆಕ್ಕದ ಮೇಡಂ ಇದ್ದೂ ಹಿಂಗಾಯ್ತಲ್ಲ."

ಬಿಚ್ಚಿ ಮತ್ತೆ ಪೋಣಿಸುತ್ತಿದ್ದಾಗ ನಂಜಪ್ಪನ ಫೋನು ಬಂತು. "ಅಕ್ಕ, ಕಣ್ಣು ಹಾಳ್ಮಾಡ್ಕೋಬೇಡ. ನಾಳೆ ನಮ್ಮೋರನ್ನ ಕಳಿಸ್ತೀನಿ. ಸಂಘದ ಸೀರೆ ಎಲ್ಲ ನಮ್ಮಂಗಡಿಗೇ ಅಂತ ಬರ್ಕೊಡ್ಲಿ, ಸಾಕು."

ತ್ರಿಪುರಸುಂದರಿ ಫೋನನ್ನು ಗಂಗರತ್ನಮ್ಮನ ಕಿವಿಗೆ ಹಿಡಿದು, ಅದನ್ನೇ ಇವಳಿಗೆ ಇನ್ನೊಮ್ಮೆ ಹೇಳು ಎಂದರು ತಮ್ಮನಿಗೆ. ಅವಳು ಎಳೆಗಳಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು.

"ಬರ್ಕೊಡಲ್ಲ ಸಾವ್ಕಾರ್ರೆ. ಫೋನಿಡಿ, ಎಣಿಕೆ ತಪ್ಪುತ್ತೆ."

ಆರನೆಯ ಸಂಜೆ ಕೊನೆಯ ಎಳೆ ಹಣಿಗೆ ದಾಟಿತು. ಹಳೆಯ ಪಂಚೆಯಲ್ಲಿ ಎಲ್ಲವನ್ನೂ ಸುತ್ತುತ್ತಿದ್ದ ಗಂಗರತ್ನಮ್ಮನಿಗೆ, ಉಳಿದ ಮಗ್ಗಗಳಿಗೆ ಯಾವಾಗ ಬರಲಿ ಎಂದು ತ್ರಿಪುರಸುಂದರಿ ಕೇಳಿದರು.

"ಬರ್ಬೇಡಿ ಅಕ್ಕ. ಉಳಿದೋರಿಗೆ ನಾನು ಹೇಳ್ಕೊಡ್ತೀನಿ. ನೀವು ಸೀರೆ ನೋಡೋಕೆ ಬನ್ನಿ."