ಬಾಣಂತಿಯ ಸಬ್ಬಸಿಗೆ

ಹೊಳಲ್ಕೆರೆಯಲ್ಲಿ ಶಾಲೆ ಟೀಚರಾಗಿದ್ದಾಗ ನಾನಿದ್ದ ಬಾಡಿಗೆ ಮನೆಗೆ ಒಂದೇ ಗೋಡೆಯ ಆಚೆ ಇನ್ನೊಂದು ಮನೆಯಿತ್ತು. ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಮಗಳ ಬಾಣಂತನ ಮಾಡುತ್ತಿದ್ದರು. ಬಿ.ದುರ್ಗದ ಕಡೆಯ ಕುರಿ ಸಾಕುವ ಮನೆತನ. ಆಸ್ಪತ್ರೆ ಹತ್ತಿರವಿರಲೆಂದು ಮೂರು ತಿಂಗಳ ಮಟ್ಟಿಗೆ ಇಲ್ಲಿ ಮನೆ ಹಿಡಿದಿದ್ದರು. ಮಗುವಿಗೆ ಹಾಲು ಸಾಲುತ್ತಿರಲಿಲ್ಲ. ಬಾಣಂತಿಗೆ ಹಾಲು ಹೆಚ್ಚಲೆಂದು ಅವರ ತಮ್ಮ ವಾರಕ್ಕೊಮ್ಮೆ ಬಸ್ಸಿನಲ್ಲಿ ತನ್ನ ಹೊಲದ ಸಬ್ಬಸಿಗೆ ಸೊಪ್ಪು ತಂದುಕೊಡುತ್ತಿದ್ದ.

ಬಿಸಿಲು ಏರಿದ ಮೇಲೆ ಸೊಪ್ಪು ಎರಡನೇ ದಿನಕ್ಕೇ ಹಳದಿಯಾಗತೊಡಗಿತು. ಒಂದು ಸಂಜೆ ಅವರು ಎರಡು ದೊಡ್ಡ ಕಟ್ಟು ಹಿಡಿದು ನನ್ನ ಬಾಗಿಲಿಗೆ ಬಂದರು.

“ಟೀಚರಮ್ಮ, ನಿಮ್ ಫ್ರಿಜ್ಜಲ್ಲಿ ಜಾಗ ಐತೇನ್ರಿ? ಬಾಣಂತಿಗೆ ಅಂತ ತಂದಿದ್ದು, ಬಾಡ್ ಹೋಗ್ತೈತೆ.”

“ಕೊಡ್ರಮ್ಮ, ಅದಕ್ಕೇನಂತೆ” ಎಂದೆ. ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದು, ನೀರು ಸೋರುತ್ತಿದ್ದಂತೆಯೇ ಪ್ಲಾಸ್ಟಿಕ್ ಕವರಿಗೆ ತುರುಕಿ ಫ್ರಿಜ್ಜಿನ ಹಿಂಬದಿಗೆ ತಳ್ಳಿದೆ. ಮರುದಿನ ಗೆಳತಿಯರು ಬರುವವರಿದ್ದರು. ಐಸ್ ಬೇಗ ಕಟ್ಟಲೆಂದು ಫ್ರಿಜ್ಜಿನ ತಂಪು ಹೆಚ್ಚಿಸುವ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದವಳು, ಇಳಿಸುವುದನ್ನು ಮರೆತೆ.

ಮೂರನೇ ದಿನ ಬೆಳಿಗ್ಗೆ ಸೊಪ್ಪು ಕಲ್ಲಾಗಿತ್ತು. ಗಾಬರಿಯಿಂದ ಹೊರಗೆ ತೆಗೆದಿಟ್ಟೆ. ಶಾಲೆಯಿಂದ ಬರುವಷ್ಟರಲ್ಲಿ ಅದು ಕರಗಿ ಕಪ್ಪು ಲೋಳೆಯಾಗಿತ್ತು. ಅಷ್ಟರಲ್ಲೇ ಅವರು ಸೊಪ್ಪು ಕೇಳಲು ಬಂದರು. ಕವರನ್ನು ಎತ್ತಿ ನೋಡಿದರು. ನನ್ನ ಬಾಯಿಗೆ ಬಂದದ್ದು ಸುಳ್ಳು.

“ಕರೆಂಟ್ ಹೋಗಿತ್ತಲ್ಲಮ್ಮ, ಅದಕ್ಕೇ ಹಿಂಗಾಯ್ತು.”

“ಹೋಗ್ಲಿ ಬಿಡ್ರಿ, ನಿಮ್ದೇನ್ ತಪ್ಪೈತೆ” ಎಂದು ನನ್ನನ್ನೇ ಸಮಾಧಾನ ಮಾಡಿ ಹೋದರು.

ಗೋಡೆಯಾಚೆ ಮಗು ಅಳತೊಡಗಿತು. ಎಲ್ಲ ಮಕ್ಕಳೂ ಅಳುವಂತೆಯೇ ಅತ್ತಿರಬಹುದು, ಆದರೆ ನನಗೆ ಅದು ಹಸಿವಿನ ಅಳುವೆಂದೇ ಕೇಳಿಸಿತು.

ಮರುದಿನ ಅರ್ಧ ದಿನ ರಜೆ ಹಾಕಿದೆ. ನಮ್ಮ ಮಾರುಕಟ್ಟೆಯಲ್ಲಿ ಮೆಂತ್ಯವಿತ್ತು, ದಂಟಿತ್ತು, ಸಬ್ಬಸಿಗೆ ಮಾತ್ರ ಇರಲಿಲ್ಲ. ಬಸ್ಸು ಹತ್ತಿ ಚಿತ್ರದುರ್ಗಕ್ಕೇ ಹೋಗಿ ನಾಲ್ಕು ಕಟ್ಟು ತಂದು ಅವರ ಬಾಗಿಲಲ್ಲಿ ನಿಂತೆ.

“ಅಮ್ಮ, ಕರೆಂಟ್ ಹೋಗಿರ್ಲಿಲ್ಲ. ನಾನೇ ಹಾಳು ಮಾಡಿದ್ದು.”

“ಗೊತ್ತೈತೆ. ನಮ್ಮನೆ ಫ್ಯಾನ್ ತಿರುಗ್ತಾನೇ ಇತ್ತಲ್ಲ.” ಅವರ ದನಿಯಲ್ಲಿ ಮುನಿಸಿರಲಿಲ್ಲ. “ಒಳಗ್ ಬರ್ರಿ, ಕುಂತ್ಕಳ್ರಿ.”

ಬಾಣಂತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಗುತ್ತಿದ್ದಳು. ನನಗೆ ತಲೆ ಎತ್ತಲಾಗಲಿಲ್ಲ.

ಅವರು ಕಟ್ಟಿನ ದಾರ ಬಿಚ್ಚಿ, ಹಳದಿ ಎಸಳುಗಳನ್ನು ಆರಿಸಿ ತೆಗೆದು, ಬೇರು ಕೀಳದೆಯೇ ಸೊಪ್ಪನ್ನು ಹಳೇ ಸೀರೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿದರು. “ತೊಳ್ದು ಇಡಬಾರ್ದು ಟೀಚರಮ್ಮ. ತೊಳೆಯಾದು ಹೆಚ್ಚೋ ಹೊತ್ನಾಗೆ. ಊರಲ್ಲಾದ್ರೆ ಮರಳಿನ ಮಡಕೇಲಿ ಇಡ್ತಿದ್ವಿ. ಇಲ್ಲಿ ಮಡಕೆ ಇಲ್ವಲ್ಲ, ಅದಕ್ಕೇ ನಿಮ್ ಫ್ರಿಜ್ ಕೇಳ್ದೆ.”

“ಹಂಗಾದ್ರೆ ನಾಳೆ ಮಡಕೆ ತರಾಣ” ಎಂದೆ.

ತಂದೆವು. ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವಿನ ಸಂದಿಗೆ ಮರಳು ತುಂಬಿ, ದಿನಕ್ಕೆರಡು ಸಲ ಮರಳಿಗೆ ನೀರು ಹಾಕಿದೆವು. ಮೇಲೆ ಒದ್ದೆ ಗೋಣಿಚೀಲ. ನಾಲ್ಕನೇ ದಿನವೂ ಸಬ್ಬಸಿಗೆ ಘಮ್ಮೆನ್ನುತ್ತಿತ್ತು. ಬೆಳಗಿನ ನೀರು ಹಾಕುವ ಕೆಲಸ ನಾನು ಕೇಳಿ ಪಡೆದದ್ದು. ಹೋದಾಗಲೆಲ್ಲ ಅವರು ಬಾಣಂತಿಯ ಸಾರಿನಲ್ಲೇ ಒಂದು ಲೋಟ ನನಗೂ ಕೊಡುತ್ತಿದ್ದರು.

ಮೂರು ತಿಂಗಳು ತುಂಬುವ ಹೊತ್ತಿಗೆ ಮಗು ಗುಂಡಗಾಗಿತ್ತು. ಅವರು ಊರಿಗೆ ಹೊರಟ ದಿನ ಬಸ್ ನಿಲ್ದಾಣದವರೆಗೂ ಅದನ್ನು ನಾನೇ ಎತ್ತಿಕೊಂಡು ಹೋದೆ.