ತಾಳ ನಿಲ್ಲಿಸದ ದಿಂಡಿ

ಕೊರೋನಾ ಮುಗಿದು ರೈಲುಗಳು ಮತ್ತೆ ತುಂಬಿ ಓಡತೊಡಗಿದ್ದ ಕಾಲ. ಪುಣೆಯ ಒಂದು ನಿಲ್ದಾಣದಲ್ಲಿ ಮಾಹಿತಿ ಬೋರ್ಡುಗಳ ನಿರ್ವಹಣೆಯ ಗುತ್ತಿಗೆ ಹಿಡಿದಿದ್ದ ಸಣ್ಣ ಕಂಪನಿಗೆ ನಾನು ಸೈಟ್ ಇಂಜಿನಿಯರ್. ಯಾವ ರೈಲು, ಎಷ್ಟು ಗಂಟೆಗೆ, ಯಾವ ಪ್ಲಾಟ್‌ಫಾರ್ಮ್ ಎಂದು ತೋರಿಸುವ ಬೋರ್ಡುಗಳಿವೆಯಲ್ಲ, ಅವು ಕೆಟ್ಟರೆ ಬೈಸಿಕೊಳ್ಳುವ ಮನುಷ್ಯ. ಕೆಡದಿದ್ದಾಗಲೂ ನನಗೆ ನೆಮ್ಮದಿಯಿಲ್ಲ. ಮಳೆನೀರು ಒಳಗಿಳಿದರೆ? ಇಲಿ ಕೇಬಲ್ ಕಡಿದರೆ? ಯುಪಿಎಸ್ ಕೈಕೊಟ್ಟರೆ? ಚಿಂತಿಸಲು ಏನೂ ಸಿಗದ ದಿನ, ಏನೋ ಮರೆತಿದ್ದೇನೆಂದು ಚಿಂತಿಸುವವನು ನಾನು.

ಆಷಾಢ ಏಕಾದಶಿಯ ಹಿಂದಿನ ದಿನ. ಪಂಢರಪುರಕ್ಕೆ ನಡೆದು ಹೋಗುವ ಯಾತ್ರೆಯಾದ ವಾರಿಯ ಪಲ್ಲಕ್ಕಿಗಳು ಪುಣೆ ದಾಟಿ ಎಷ್ಟೋ ದಿನಗಳಾಗಿದ್ದವು. ನಡೆಯಲಾಗದವರು ತಮ್ಮ ತಮ್ಮ ಭಜನಾ ತಂಡದ, ಅಂದರೆ ದಿಂಡಿಯ ಜೊತೆ ವಿಶೇಷ ರೈಲಿನಲ್ಲಿ ಪಂಢರಪುರಕ್ಕೆ ಹೊರಟಿದ್ದರು. ಪುಣೆಯದೇ ಬಿಬವೇವಾಡಿ ಬಡಾವಣೆಯ ದಿಂಡಿಯೊಂದಿಗೆ ನನ್ನ ಅವ್ವನೂ ಹೊರಟಿದ್ದಳು.

"ಬೋರ್ಡ್ ನೋಡಿ ಗಾಡಿ ಹತ್ತವ್ವಾ. ಯಾರನ್ನೂ ಕೇಳಬ್ಯಾಡ," ಎಂದಿದ್ದೆ.

"ನಿನ್ನ ಬೋರ್ಡಿನ್ಯಾಗ ಕನ್ನಡ ಅದ ಏನು? ನಾ ಮಂದೀನ ಕೇಳ್ತೀನಿ. ಮಂದಿ ಹಂಗ ಕೆಟ್ಟು ಕೂಡೂದಿಲ್ಲ."

ಬೆಳಿಗ್ಗೆ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದೇ ಹೊತ್ತಿಗೆ ಬೋರ್ಡುಗಳೆಲ್ಲ ಒಟ್ಟಿಗೆ ಬರಿದಾದವು. ಘೋಷಣೆಯೂ ಅದೇ ಸಾಫ್ಟ್‌ವೇರಿನದು, ಅದೂ ನಿಂತಿತು. ನಾನು ಇಲಿಯನ್ನು ನೆನೆದುಕೊಂಡು ಕೇಬಲ್ ಕಡೆ ಓಡಿದೆ. ಕೇಬಲ್ ಸರಿಯಿತ್ತು. ನಮ್ಮ ಸಾಫ್ಟ್‌ವೇರ್ ನೋಡಿಕೊಳ್ಳುವ ಮೈಸೂರಿನ ಹುಡುಗಿ ಚೈತ್ರಾಗೆ ಫೋನ್ ಮಾಡಿದೆ.

"ಸಾರ್, ಟ್ರೈನ್ ಟೇಬಲ್ ಫುಲ್ ಆಗ್ಬಿಟ್ಟಿದೆ."

ಆ ಟೇಬಲ್ಲಿನಲ್ಲಿ, ಅಂದರೆ ರೈಲುಗಳ ಪಟ್ಟಿಯಲ್ಲಿ, ಇಷ್ಟೇ ರೈಲು ಹಿಡಿಯಬೇಕೆಂದು ಸಾಫ್ಟ್‌ವೇರ್ ಬರೆದವರು ಮಿತಿ ಹಾಕಿದ್ದರು. ನಮ್ಮ ನಿಲ್ದಾಣದ ರೂಢಿಯೋ, ಹೋಳಿಯ ವಿಶೇಷ ರೈಲಿರಲಿ, ದೀಪಾವಳಿಯದಿರಲಿ, ಒಮ್ಮೆ ಸೇರಿಸಿದ್ದನ್ನು ಅಳಿಸುವಂತಿಲ್ಲ. ಮುಂದಿನ ವರ್ಷ ಮತ್ತೆ ಟೈಪ್ ಮಾಡುವವರು ಯಾರು? ಖಾಲಿ ಮಿಠಾಯಿ ಡಬ್ಬಿಗಳನ್ನೆಲ್ಲ ಜೋಡಿಸಿಡುವ ಮನೆಯ ಹಾಗೆ. ಅಂದು ಪಂಢರಪುರಕ್ಕೆ ಇನ್ನೊಂದು ರೈಲು ಸೇರಿಸಿದರು, ಅದಕ್ಕೆ ಜಾಗವಿರಲಿಲ್ಲ.

"ಎರರ್ ಆದ್ರೂ ತೋರಿಸಬೇಕಿತ್ತಲ್ಲ?"

"ಏನೂ ಇಲ್ಲ ಸಾರ್. ಸೈಲೆಂಟಾಗಿ ಕ್ರ್ಯಾಶ್ ಆಗಿದೆ. ಹಳೇದೆಲ್ಲ ಡಿಲೀಟ್ ಮಾಡ್ತಿದ್ದೀನಿ, ರೀಸ್ಟಾರ್ಟ್ ಆಗೋಕೆ ಸ್ವಲ್ಪ ಟೈಮ್ ಬೇಕು."

ಆ ಸ್ವಲ್ಪ ಹೊತ್ತೇ ನಮ್ಮಲ್ಲಿರಲಿಲ್ಲ. ಗಾಡಿ ಐದನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಯಾರೋ ಕೂಗಿದರು, ಎರಡನೆಯದಕ್ಕೆಂದು ಇನ್ಯಾರೋ. ಮೇಲ್ಸೇತುವೆಯ ಮೆಟ್ಟಿಲ ಮೇಲೆ ಹತ್ತುವವರೂ ಇಳಿಯುವವರೂ ಎದುರುಬದುರಾಗಿ ಸಿಕ್ಕಿಕೊಂಡರು. ಹಿಂದಿನವರು ತಳ್ಳುತ್ತಲೇ ಇದ್ದರು. ನಾನು ಕಂಟ್ರೋಲ್ ರೂಮಿನಲ್ಲಿ ವಿಚಾರಿಸಿ, ಕೈಮೈಕ್ ಹಿಡಿದು "ಎರಡನೇ ಪ್ಲಾಟ್‌ಫಾರ್ಮ್" ಎಂದು ಮರಾಠಿಯಲ್ಲಿ ಅರಚಿದೆ. ತಾಳ, ಮೃದಂಗ, ಕೂಗಾಟಗಳ ನಡುವೆ ನನ್ನ ದನಿ ನನಗೇ ಕೇಳಲಿಲ್ಲ. ಆ ಮೆಟ್ಟಿಲ ಮೇಲೆ ಎಲ್ಲೋ ಅವ್ವ ಇದ್ದಳು. ಅಲ್ಲಿದ್ದ ಹೆಂಗಸರೆಲ್ಲ ನನಗೆ ಅವ್ವನ ಹಾಗೇ ಕಂಡರು.

ಆಗ ಸೇತುವೆಯ ಮೇಲಿದ್ದ ಚೋಪದಾರರೊಬ್ಬರು, ಅಂದರೆ ದಿಂಡಿಯ ಶಿಸ್ತು ನೋಡಿಕೊಳ್ಳುವ ಹಿರಿಯರು, ತಮ್ಮ ಬೆಳ್ಳಿಕಟ್ಟಿನ ಕೋಲನ್ನು ಮೇಲೆತ್ತಿದರು. ಅಷ್ಟೇ. ಕೋಲು ಕಂಡವರು ಸುಮ್ಮನಾದರು, ಅವರನ್ನು ಕಂಡು ಪಕ್ಕದವರು. ದೀಪ ಆರಿಸುತ್ತ ಹೋದಂತೆ ಮೌನ ಪ್ಲಾಟ್‌ಫಾರ್ಮಿನ ತುದಿಯವರೆಗೂ ಹಬ್ಬಿತು. ಅಷ್ಟು ಸಾವಿರ ಜನ, ನಿಂತಲ್ಲೇ ನಿಂತರು. ಚಾವಣಿಯ ಪಾರಿವಾಳಗಳ ರೆಕ್ಕೆಯ ಸದ್ದು ಕೇಳಿಸಿತು.

ಆ ಮೌನದಲ್ಲಿ ಒಂದೇ ಒಂದು ಕಡೆ, ಮೆಟ್ಟಿಲ ನಡುವೆ, ತಾಳ ಬಡಿಯುತ್ತಲೇ ಇತ್ತು. ಇಂಥ ಹೊತ್ತಿನಲ್ಲೂ ಬುದ್ಧಿ ಬೇಡವೇ ಎಂದು ನನಗೆ ಸಿಟ್ಟು ಬಂತು. ಚೋಪದಾರರು ಮಾತ್ರ ನೇರ ಅಲ್ಲಿಗೇ ಇಳಿದರು. ಜನ ಮೈ ಹಿಡಿಮಾಡಿ ದಾರಿ ಬಿಟ್ಟರು. ಅಲ್ಲಿ ಮುದುಕಿಯೊಬ್ಬಳು ಕೆಳಗೆ ಬಿದ್ದಿದ್ದಳು. ಬಿಬವೇವಾಡಿಯ ಹೆಂಗಸರು ಅವಳ ಸುತ್ತ ಕೈ ಕೈ ಹಿಡಿದು ಗೋಡೆಯಾಗಿದ್ದರು. ತಾಳ ಬಡಿಯುತ್ತಿದ್ದವಳು ನನ್ನ ಅವ್ವ.

ರೈಲ್ವೆ ಪೊಲೀಸರು ಮುದುಕಿಯನ್ನು ಎತ್ತಿ ಕೂರಿಸಿದರು. ಅವಳು ನೀರು ಕೇಳಿದಳು. ಅವ್ವ ತಾಳ ನಿಲ್ಲಿಸಿದಳು. ನಾನು ಮತ್ತೆ "ಎರಡನೇ ಪ್ಲಾಟ್‌ಫಾರ್ಮ್" ಎಂದೆ. ಈ ಸಲ ಎಲ್ಲರಿಗೂ ಕೇಳಿಸಿತು. ಕೋಲು ಇಳಿಯಿತು. ದಿಂಡಿಗಳು ಒಂದರ ಹಿಂದೊಂದು ಸಾಲಾಗಿ ಇಳಿದವು.

ಗಾಡಿ ಹೊರಡುವಾಗ ಕಿಟಕಿಯ ಹತ್ತಿರ ಹೋದೆ. "ಎಲ್ಲಾರೂ ಸುಮ್ಮನಾದ್ರು. ನೀ ಯಾಕ ನಿಲ್ಲಿಸಲಿಲ್ಲವ್ವಾ?"

"ಕೋಲು ಎತ್ತಿದ ಮ್ಯಾಲ ತಕರಾರು ಇದ್ದವ್ರು ಅಷ್ಟ ತಾಳ ಬಾರಸ್ತಾರೋ. ವಾರಿಯೊಳಗ ಅದ ರೂಢಿ. ನಾವೂ ಸುಮ್ಮನಾಗಿದ್ರ ಯಾರು ಬರ್ತಿದ್ರು?"

"ಅಲ್ಲಿ ನೋಡು, ಬೋರ್ಡ್ ಬಂತು."

"ಬಂತೇನು? ಛಲೋ ಆತು. ಗಾಡೀನೂ ಹೊಂಟಿತು."

ಯಾವ ಯಂತ್ರಕ್ಕೂ ಒಂದು ಮಿತಿ ಇದ್ದೇ ಇರುತ್ತದೆ. ಅದಕ್ಕೆ ನಾನೀಗ ಹೆದರುವುದಿಲ್ಲ. ತುಂಬಿಕೊಂಡೂ ಸುಮ್ಮನಿರುವ ಯಂತ್ರಕ್ಕೆ ಹೆದರುತ್ತೇನೆ. ಟೇಬಲ್ ತುಂಬುತ್ತ ಬಂದಾಗಲೇ ಕೂಗಿಕೊಳ್ಳುವ ಅಲಾರಂ ಒಂದನ್ನು ಚೈತ್ರಾ ಬರೆದುಕೊಟ್ಟಳು. "ಯಾವ ಸೌಂಡ್ ಹಾಕ್ಲಿ ಸಾರ್?" ಎಂದು ಕೇಳಿದಾಗ ಅವ್ವನ ತಾಳವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ. ದೀಪಾವಳಿಗೆ ಮೊದಲು ಅದು ಬಡಿದುಕೊಂಡಿತು. ಕಂಟ್ರೋಲ್ ರೂಮಿನವರು ಕುರ್ಚಿಯಿಂದ ಹಾರಿಬಿದ್ದು ಆಷಾಢದ ಹಳೆಯ ರೈಲುಗಳನ್ನು ಅಳಿಸಿದರು.

ಈಗ ಒಂದೇ ಚಿಂತೆ ಉಳಿದಿದೆ. ಆ ಸ್ಪೀಕರೇ ಕೆಟ್ಟರೆ?