ಕಲಗಚ್ಚಿನ ಬಾನಿಯ ಕಪ್ಪೆಗಳು

ಮುಂಗಾರಿಗೆ ಮುಂಚಿನ ಮಳೆ ಜೋರಾಗಿ ಸುರಿದ ಮೇಲೆ ಅಮ್ಮನ ಶ್ರುತಿಪೆಟ್ಟಿಗೆ ಕೆಟ್ಟಿತು. ಕೆಟ್ಟಿತೆಂದು ತೀರ್ಮಾನಿಸಿದವಳು ಅಮ್ಮನೇ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಅವಳು ಸಂಗೀತ ಪಾಠ ಹೇಳುತ್ತಾಳೆ. ಕಲಿಯಲು ಬರುವವರು ಬಹುಪಾಲು ಕೆಲಸದಿಂದ ನಿವೃತ್ತರಾದ ಹೆಂಗಸರು. ಅವರು ಸರಳೆವರಸೆ ಶುರುಮಾಡಿದ ಕೂಡಲೇ ಎಲ್ಲಿಂದಲೋ, ಬಾಚಣಿಗೆಯ ಹಲ್ಲುಗಳ ಮೇಲೆ ಉಗುರೆಳೆದಂತೆ, ‘ಕರ್ರ್... ಕರ್ರ್...’ ಎಂದು ಕೇಳಿಸುತ್ತಿತ್ತು.

“ಒಳಗೇನೋ ಸಡಿಲ ಆಗಿದೆ ಕಣೇ” ಎಂದು ಅಮ್ಮ ಪೆಟ್ಟಿಗೆಗೆ ಎರಡೇಟು ಕೊಟ್ಟಳು. ನಾನು ಅದನ್ನು ಸಂಪಿಗೆ ರಸ್ತೆಯ ಹತ್ತಿರದ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವರು ಕಿವಿಗಿಟ್ಟು ಕೇಳಿ, “ಚೆನ್ನಾಗೇ ಇದೆಯಲ್ಲಾ ಮೇಡಂ” ಎಂದು ವಾಪಸು ಕೊಟ್ಟರು. ಆ ಸಂಜೆ ಶಿಷ್ಯೆಯೊಬ್ಬರು ಮೇಲಿನ ಷಡ್ಜ ಮುಟ್ಟುವಷ್ಟರಲ್ಲಿ ಮತ್ತೆ ಕರ್ರ್! ಅಪ್ಪ ಎದ್ದು ಪ್ಲಗ್ ಕಿತ್ತರು. ಪೆಟ್ಟಿಗೆ ಸುಮ್ಮನಾಯಿತು, ಕರ್ರ್ ಸುಮ್ಮನಾಗಲಿಲ್ಲ.

ಸದ್ದಿನ ಬೆನ್ನು ಹತ್ತಿ ಗುರು, ಶಿಷ್ಯೆ, ಅಪ್ಪ, ನಾನು ಎಲ್ಲರೂ ಹಿತ್ತಲಿಗೆ ನಡೆದೆವು. ಅಜ್ಜಿಯ ಕಾಲದಲ್ಲಿ ಹಸುವಿಗೆ ಕಲಗಚ್ಚು ಸುರಿಯುತ್ತಿದ್ದ ಕಲ್ಲಿನ ಬಾನಿ ಅಲ್ಲಿ ಮಣ್ಣಿನಲ್ಲಿ ಅರ್ಧ ಹೂತುಹೋಗಿದೆ. ಮಳೆನೀರು ತುಂಬಿದ್ದ ಅದರ ಅಂಚಿನಲ್ಲಿ ಒಂದು ಕಂದು ಕಪ್ಪೆ ಕೂತಿತ್ತು. ನೆಲ್ಲಿಕಾಯಿಯಷ್ಟೂ ಇರಲಿಲ್ಲ. ಗಂಟಲು ಮಾತ್ರ ಮೈಯಷ್ಟೇ ದಪ್ಪಕ್ಕೆ ಉಬ್ಬುತ್ತಿತ್ತು.

ಅಪ್ಪ ಫೋನಿನಲ್ಲಿ ಹುಡುಕಿ, “ಇದು ಕಿರಿದಾದ ಬಾಯಿಯ ಜಾತಿಯಂತೆ” ಎಂದರು.

“ಕಿರಿದಾದ ಬಾಯಿಗೇ ಇಷ್ಟು ಗಲಾಟೇನಾ?” ಅಮ್ಮ ಕೇಳಿದಳು.

“ಗಂಡು ಮಾತ್ರ ಕೂಗೋದಂತೆ. ಹೆಣ್ಣನ್ನ ಕರೆಯೋಕೆ.”

“ಈ ಸ್ವರ ಕೇಳಿ ಯಾವಳು ಬರ್ತಾಳ್ರೀ?” ಎಂದಳು ಅಮ್ಮ.

ಬಂದಿದ್ದಳು. ಬೆಳಗ್ಗೆ ನೋಡಿದರೆ ನೀರಿನ ಮೇಲೆ, ನೆನೆದ ಕಾಮಕಸ್ತೂರಿ ಬೀಜ ಹರಡಿದಂತೆ, ಮೊಟ್ಟೆಗಳ ತೆಳುವಾದ ಪದರ ತೇಲುತ್ತಿತ್ತು. ಅವು ಒಡೆದು ಹೊರಬಂದ ಮರಿಗಳು ಗಾಜಿನಂತೆ ಪಾರದರ್ಶಕ. ನಡುನೀರಿನಲ್ಲಿ ಅಲ್ಲಾಡದೆ ನಿಂತಿರುತ್ತಿದ್ದವು, ಬರೀ ಕಣ್ಣುಗಳೇ ತೇಲುತ್ತಿವೆ ಎನ್ನಿಸುತ್ತಿತ್ತು. ಅಮ್ಮ ಪಾಠದ ನಡುವೆ ಎದ್ದೆದ್ದು ಹೋಗಿ ನೋಡಿಬರತೊಡಗಿದಳು.

ಅಷ್ಟರಲ್ಲಿ ಮನೆಮನೆಗೆ ಹೋಗಿ ಸೊಳ್ಳೆಮರಿ ಹುಡುಕುವ ಆರೋಗ್ಯ ಕಾರ್ಯಕರ್ತೆ ಬಂದರು. “ನಿಂತ ನೀರು ಮೇಡಂ, ಚೆಲ್ಬಿಡಿ.”

ಅಮ್ಮ ಬಾನಿಗೆ ಅಡ್ಡ ನಿಂತಳು. “ಚೆಲ್ಲೋಕಾಗಲ್ಲಮ್ಮ. ಅದ್ರಲ್ಲಿ ಮಕ್ಕಳಿದಾರೆ.”

ಆಕೆ ಬೆಚ್ಚಿ ಹಿಂದೆ ಸರಿದರು. ಅಪ್ಪ ಓಡಿಬಂದು, “ಕಪ್ಪೆ ಮಕ್ಕಳು, ಕಪ್ಪೆ ಮಕ್ಕಳು! ಸೊಳ್ಳೆಮರೀನೆಲ್ಲ ಅವೇ ತಿಂದ್ಹಾಕ್ತವೆ” ಎಂದರು.

ನಾನು ಸುಮ್ಮನಿರಬಹುದಿತ್ತು. “ಇಲ್ಲಪ್ಪ, ಈ ಜಾತಿಯವು ತಿನ್ನಲ್ಲ. ನೀರಲ್ಲಿರೋ ಪಾಚೀನ ಸೋಸಿಕೊಂಡು ಬದುಕ್ತವೆ” ಎಂದೆ. ಅಮ್ಮ ನನ್ನನ್ನು ನೋಡಿದ ನೋಟಕ್ಕೆ ಸೊಳ್ಳೆಗಳೇ ಸಾಯಬೇಕಿತ್ತು.

ಕಾರ್ಯಕರ್ತೆ ಬಗ್ಗಿ ನೋಡಿದರು. ಸೊಳ್ಳೆಮರಿಗಳು ಇದ್ದವು. ಗಾಜಿನ ಮರಿಗಳೂ ಇದ್ದವು. ತುಸು ಹೊತ್ತು ನೋಡುತ್ತಲೇ ಇದ್ದು, “ಸೊಳ್ಳೆಮರಿ ಒಂದೂ ಬಿಡದ ಹಾಗೆ ತೆಗೀರಿ. ಮೇಲೆ ಪರದೆ ಹಾಕಿ. ನಾನು ಬಂದು ಬಂದು ನೋಡ್ತಿರ್ತೀನಿ” ಎಂದರು.

ಅಮ್ಮ ಅಂದಿನಿಂದ ಕಾಫಿ ಸೋಸುವ ಜಾಲರಿ ಹಿಡಿದು ಕೂತಳು. ಸೊಳ್ಳೆಮರಿಯನ್ನು ಎತ್ತಬೇಕು, ಕಪ್ಪೆಮರಿಗೆ ತಾಗಬಾರದು. ನಮ್ಮ ಕಾಫಿಗೆ ಹೊಸ ಜಾಲರಿ ಬಂತು. ಅಪ್ಪನ ಮಂಚದ ಸೊಳ್ಳೆಪರದೆ ಕತ್ತರಿಸಿಕೊಂಡು ಬಾನಿಯ ಮೇಲೆ ಹೋಯಿತು. ಅಪ್ಪನಿಗೆ ಸೊಳ್ಳೆ ಕಚ್ಚತೊಡಗಿತು. “ಕಪ್ಪೆಗಿರೋ ಮರ್ಯಾದೆ ನನಗಿಲ್ಲ” ಎಂದು ಅವರು ಕೆರೆದುಕೊಂಡರು.

ಕೆಲವು ವಾರಗಳಲ್ಲಿ ಮರಿಗಳಿಗೆ ಕಾಲು ಮೂಡಿತು, ಬಾಲ ಕರಗಿತು. ಅವು ಹತ್ತಿಬರಲೆಂದು ಅಮ್ಮ ನೀರಿಗೆ ಇಟ್ಟಿಗೆಯೊಂದನ್ನು ಇಳಿಬಿಟ್ಟು ಪರದೆಯ ಒಂದು ಮೂಲೆ ಸರಿಸಿದಳು. ಒಂದು ಜಿಟಿಜಿಟಿ ಮಧ್ಯಾಹ್ನ ತೊಗರಿಬೇಳೆಯಷ್ಟಿದ್ದ ಕಪ್ಪೆಗಳು ಹಿತ್ತಲಿಗೆಲ್ಲ ಹರಡಿದವು. ಒಗೆಯುವ ಕಲ್ಲಿನ ಹತ್ತಿರ ಹೋಗುವವರಿಗೆಲ್ಲ ಅಮ್ಮನ ಅಪ್ಪಣೆ: “ಕಾಲೆತ್ತಿ ಇಡಬೇಡಿ, ಎಳ್ಕೊಂಡು ಬನ್ನಿ.”

ಆ ಹೊತ್ತಿಗೇ ಕಾರ್ಯಕರ್ತೆ ಬಂದರು. ಅವರೂ ಕಾಲೆಳೆದುಕೊಂಡು ಬಾನಿಯವರೆಗೆ ಹೋದರು. ಒಂದು ಮರಿ ಟಪಕ್ಕೆಂದು ಅವರ ಚಪ್ಪಲಿಯ ಮೇಲೇರಿ ಕೂತುಬಿಟ್ಟಿತು.

“ಅಯ್ಯೋ ಮೇಡಂ, ಈಗ ನಾನ್ ಹೆಂಗ್ ಹೋಗ್ಲಿ? ಇನ್ನೂ ಎರಡು ಬೀದಿ ಬಾಕಿ ಇದೆ.”

ಅಮ್ಮ ಕುರ್ಚಿ ತಂದಿಟ್ಟಳು. ಆಕೆ ಆ ಕಾಲನ್ನು ಅಲ್ಲಾಡಿಸದೆ ಮೆಲ್ಲಗೆ ಕೂತು, ತಮ್ಮ ಬ್ಯಾಗನ್ನು ನನ್ನ ಕೈಗೆ ಕೊಟ್ಟರು. ಕಪ್ಪೆಗೆ ಮಾತ್ರ ಇಳಿಯುವ ಅವಸರವಿರಲಿಲ್ಲ.